ಕೂತ ಮೇಲೆ ತಿಳಿಸಿ

ನಮ್ಮ ಊರಿನಲ್ಲಿ ಪ್ರಶ್ನೆ ಕೇಳಿದವರಿಗೆ ಉತ್ತರ ಸಿಗುವ ತನಕ ಕೂರಲು ಆಗುವುದಿಲ್ಲ, ಮಲಗಲೂ ಆಗುವುದಿಲ್ಲ. ಮಂಡಿ ಮಡಿಸುವುದಿಲ್ಲ, ಸೊಂಟ ಬಾಗುವುದಿಲ್ಲ, ಅಷ್ಟೇ. ಅದಕ್ಕೇ ನಮ್ಮಲ್ಲಿ ಯಾರೂ "ಊಟ ಆಯ್ತಾ" ಅನ್ನುವುದಿಲ್ಲ, "ಊಟ ಆಗಿರ್ಬೇಕು" ಅನ್ನುತ್ತೇವೆ. ಆಗಿದ್ದರೆ ಅವರೇ ತಲೆ ಆಡಿಸುತ್ತಾರೆ. ತರಕಾರಿ ಅಂಗಡಿಯಲ್ಲಿ "ಬೀನ್ಸ್ ರೇಟು ಹೇಳಿ" ಎನ್ನಬೇಕು. ಶಾಲೆಯ ಪರೀಕ್ಷೆಯಲ್ಲಿ "ವಿವರಿಸಿರಿ", "ಬರೆಯಿರಿ" ಎಂದೇ ಇರುತ್ತದೆ, ಇಲ್ಲದಿದ್ದರೆ ಪತ್ರಿಕೆ ತಯಾರಿಸಿದ ಮೇಷ್ಟ್ರು ಪಾಪ ನಿಂತೇ ಇರಬೇಕಾಗುತ್ತದೆ. ಉತ್ತರವೂ ನಿಜವಾದದ್ದೇ ಆಗಬೇಕು, ಉಪಚಾರದ್ದು ನಡೆಯುವುದಿಲ್ಲ. ಈ ಸೀರೆ ನನಗೆ ಒಪ್ಪುತ್ತದೆಯೇ ಎಂದು ಗಂಡನನ್ನು ಕೇಳಿ, ಮದುವೆ ಮನೆಯಲ್ಲಿ ನಿಂತೇ ಊಟ ಮಾಡಿದ ಹೆಂಗಸರು ನಮ್ಮ ಬೀದಿಯಲ್ಲೇ ಇದ್ದಾರೆ.

ಇಂಥ ಊರಿನಲ್ಲಿ ಫೋನಿನ ಮೇಲೆ ಕೈತೋಟದ ಗುಂಪು ನಡೆಸುವುದು ಹುಡುಗಾಟವಲ್ಲ. ನಾನು ಅಂಬುಜಾಕ್ಷಿ, ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ರಿಟೈರ್ ಆದ ಮೇಲೆ ತಾರಸಿಯಲ್ಲಿ ಗುಲಾಬಿ ಬೆಳೆಸಲು ಶುರುಮಾಡಿದೆ, ಆಮೇಲೆ "ಕೈತೋಟ ಬಳಗ" ಶುರುಮಾಡಿದೆ, ಅದರ ಅಡ್ಮಿನ್ ನಾನೇ. ನಿಯಮಗಳನ್ನೂ ನಾನೇ ಬರೆದೆ. ಗಿಡದ ಫೋಟೊ ಇಲ್ಲದೆ ಏನನ್ನೂ ಕೇಳಬಾರದು. ಕುಂಡ ಎಷ್ಟು ದೊಡ್ಡದು, ಬಿಸಿಲು ಎಷ್ಟು ಬೀಳುತ್ತದೆ, ಈಗಾಗಲೇ ಏನೇನು ಮಾಡಿ ನೋಡಿದ್ದಾಗಿದೆ, ಎಲ್ಲ ಮೊದಲೇ ಹೇಳಬೇಕು. ಉತ್ತರ ಕೊಡುವವರು ಗೇಲಿ ಮಾಡಬಾರದು. "ಹಳೇ ಮೆಸೇಜ್ ಹುಡುಕ್ಕೊಳ್ಳಿ" ಎನ್ನಬಾರದು, ಕಾಲು ನೋಯುತ್ತಿರುವವರಿಗೆ ಹಾಗೆ ಹೇಳುವುದು ಬಾಯಾರಿದವರಿಗೆ ಬಾವಿ ತೋಡಿಕೋ ಎಂದ ಹಾಗೆ. ಗೊತ್ತಿಲ್ಲದವರು ಸುಮ್ಮನಿರಬೇಕು. ಇನ್ನೊಬ್ಬರ ಪ್ರಶ್ನೆಯ ಕೆಳಗೆ "ನಂದೂ ಇದೇ ಪ್ರಶ್ನೆ" ಎಂದು ಹಾಕಬಾರದು, ಹಾಕಿದವರ ಮಂಡಿಯೂ ಹಿಡಿದುಕೊಂಡು ಒಬ್ಬರ ಕಷ್ಟ ಹತ್ತು ಜನರದ್ದಾಗುತ್ತದೆ. ಪ್ರಶ್ನೆಗೆ ಮರುಪ್ರಶ್ನೆ ಹಾಕಲೇಬಾರದು, ಆಗ ಇಬ್ಬರೂ ಕಂಬದ ಹಾಗೆ ನಿಂತಿರಬೇಕಾಗುತ್ತದೆ. ಉತ್ತರ ಹೇಳಿದವರು ಕೊನೆಗೆ "ಕೂತ ಮೇಲೆ ತಿಳಿಸಿ" ಎಂದು ಸೇರಿಸುವುದು ವಾಡಿಕೆ. ಉತ್ತರ ಸಿಕ್ಕವರು "ಕೂತೆ" ಎಂದು ಒಂದು ಮಾತು ಬರೆಯಬೇಕು, ಅದನ್ನು ನೋಡಿದ ಮೇಲೇ ನಮಗೆಲ್ಲ ಸಮಾಧಾನ. ಮತ್ತೆ, ಗಿಡ ಬಿಟ್ಟು ಬೇರೆ ಮಾತಿಲ್ಲ. ಮನೆ ಬಾಡಿಗೆಗಿದೆ, ನಾದಿನಿಗೆ ಗಂಡು ಬೇಕಾಗಿದೆ, ಸೊಂಟ ನೋವಿಗೆ ಎಣ್ಣೆ, ಇಂಥದ್ದನ್ನೆಲ್ಲ ನಾನು ಕಂಡ ತಕ್ಷಣ ಅಳಿಸಿಬಿಡುತ್ತೇನೆ. ಹಿಂದಿನಿಂದ ನನ್ನನ್ನು ಸೀಟಿ ಟೀಚರ್ ಅನ್ನುತ್ತಾರೆ. ಅನ್ನಲಿ, ಸೀಟಿ ಊದುವವರು ಒಬ್ಬರು ಬೇಕು.

ಇನ್ನೊಂದು ವಿಷಯ ನಮ್ಮ ಊರಿನ ಹಿರಿಯರಿಗೆಲ್ಲ ಗೊತ್ತು. ಬಾಯಲ್ಲಿ ಒಂದು, ಮನಸ್ಸಿನಲ್ಲಿ ಒಂದು ಇಟ್ಟುಕೊಂಡು ಕೇಳಿದರೆ ಎಂಥ ಸರಿಯಾದ ಉತ್ತರ ಬಂದರೂ ಮಂಡಿ ಮಡಿಸುವುದಿಲ್ಲ. ನಮ್ಮ ಬಳಗದ ಷಡಕ್ಷರಪ್ಪನವರಿಗೆ ಒಂದು ವರ್ಷ ಹೀಗೇ ಆಯಿತು. ಬಸ್ ಡಿಪೊ ಮ್ಯಾನೇಜರ್ ಆಗಿ ರಿಟೈರ್ ಆದವರು, ಆರ್ಕಿಡ್ ಬೆಳೆಸುತ್ತಾರೆ, ಯಾರು ಏನು ಕೇಳಿದರೂ ಒಂದು ಪುರಾಣ ಬರೆಯುತ್ತಾರೆ. ವರ್ಷಕ್ಕೊಮ್ಮೆ ನಡೆಯುವ ನಮ್ಮ ಹೂವಿನ ಪ್ರದರ್ಶನಕ್ಕೆ ಮೊದಲು ಅವರು "ಆರ್ಕಿಡ್‌ಗೆ ಯಾವ ಗೊಬ್ಬರ ಒಳ್ಳೇದು?" ಎಂದು ಹಾಕಿದರು. ಹಟ್ಟಿಗೊಬ್ಬರದಿಂದ ಹಿಡಿದು ಇದ್ದಿಲಿನವರೆಗೆ ಎಲ್ಲ ಹೇಳಿದರೂ ಮನುಷ್ಯ ಕೂರಲಿಲ್ಲ. ನನಗೆ ಒಳಗುಟ್ಟು ಹೊಳೆಯಿತು. "ಈ ಸಲವೂ ಮೊದಲ ಬಹುಮಾನ ನನ್ನ ಗುಲಾಬಿಗೇ" ಎಂದು ಬರೆದೆ. ಅವರು ಇದ್ದಲ್ಲೇ ಧಪ್ಪನೆ ಕೂತರಂತೆ. ಅವತ್ತಿನಿಂದ ನನ್ನ ಮೇಲೆ ಅವರಿಗೆ ಒಳಗೊಳಗೇ ಉರಿ, ನನಗೂ ಅವರನ್ನು ಕಂಡರೆ ಅಷ್ಟಕ್ಕಷ್ಟೆ.

ಈ ಬೇಸಿಗೆಯಲ್ಲಿ ಪ್ರದರ್ಶನ ಭಾನುವಾರಕ್ಕೆ ಗೊತ್ತಾಗಿತ್ತು. ಶುಕ್ರವಾರ ಬೆಳಗ್ಗೆ ಗುಂಪಿನಲ್ಲಿ ಚೆಲುವಾಂಬ ಅವರ ಪ್ರಶ್ನೆ ಬಂತು. ಈ ಚೆಲುವಾಂಬ ಬ್ಲೌಸ್ ಹೊಲಿಯುವವರು, ಒಂಟಿ ಹೆಂಗಸು, ವಯಸ್ಸು ಐವತ್ತರ ಒಳಗೆ. ಅವರ ತಾರಸಿಯ ದಾಸವಾಳ ಊರಿಗೇ ಹೆಸರುವಾಸಿ. ಬೇರೆಯವರ ಪ್ರಶ್ನೆಗೆ ಚಿಕ್ಕದಾಗಿ, ಸರಿಯಾಗಿ ಉತ್ತರ ಕೊಟ್ಟು ಸುಮ್ಮನಾಗುವವರು. ತಾವಾಗಿ ಏನನ್ನೂ ಕೇಳಿದವರಲ್ಲ. "ಕುಂಡದ ದಾಸವಾಳ ನೀರಿಲ್ಲದೆ ಎಷ್ಟು ದಿನ ಬದುಕುತ್ತೆ?" ಎಂದಿತ್ತು. ಫೋಟೊ ಹಾಕಿದ್ದರು, ಕುಂಡದ ಅಳತೆ ಹೇಳಿದ್ದರು, ನಿಯಮದಲ್ಲಿ ಒಂದು ಚುಕ್ಕೆ ತಪ್ಪಿರಲಿಲ್ಲ.

ನಾನೇ ಮೊದಲು ಉತ್ತರ ಕೊಟ್ಟೆ. ಈ ಬಿಸಿಲಿಗೆ ಮೂರು ದಿನ, ನೆರಳಿಗೆ ಸರಿಸಿದರೆ ಇನ್ನೂ ಎರಡು ದಿನ, ಕೂತ ಮೇಲೆ ತಿಳಿಸಿ. ಅವರು "ಇನ್ನೂ ಇಲ್ಲ" ಎಂದು ಬರೆದರು. ಒಬ್ಬರು ಬಾಟಲಿಗೆ ತೂತು ಮಾಡಿ ಮಣ್ಣಿಗೆ ಚುಚ್ಚಲು ಹೇಳಿದರು. ಇನ್ನೊಬ್ಬರು ಬಕೆಟ್ಟಿನಿಂದ ಕುಂಡಕ್ಕೆ ಹತ್ತಿ ಬತ್ತಿ ಇಳಿಬಿಡಲು ಹೇಳಿದರು. ಷಡಕ್ಷರಪ್ಪನವರು ತೆಂಗಿನ ನಾರನ್ನು ನೆನೆಸಿ ಬುಡಕ್ಕೆ ಹಾಸುವ ವಿಧಾನವನ್ನು ನಾಲ್ಕು ಮೆಸೇಜಿನಲ್ಲಿ ವಿವರಿಸಿದರು. ಎಲ್ಲವೂ ಸರಿಯಾದ ಉತ್ತರಗಳೇ. ಪ್ರತಿಯೊಂದರ ಕೆಳಗೂ ಅದೇ "ಇನ್ನೂ ಇಲ್ಲ, ಧನ್ಯವಾದ". ಶನಿವಾರ ಬೆಳಗ್ಗೆ ಒಬ್ಬರು, ಚೆಲುವಮ್ಮ ಹಾಲಿನ ಬೂತಿನ ಗೋಡೆಗೆ ಒರಗಿ ನಿಂತಿದ್ದರು, ಮುಖದಲ್ಲಿ ರಕ್ತವೇ ಇರಲಿಲ್ಲ ಎಂದು ಬರೆದರು. ಪ್ರದರ್ಶನದ ಹಾಲ್‌ನಲ್ಲಿ ಮೇಜು ಜೋಡಿಸುವ ಕೆಲಸ ಹಾಗೇ ಬಿಟ್ಟು ಅವರ ಮನೆಗೆ ಹೊರಟೆ.

ಮಹಡಿಯ ಮೇಲೆ ಒಂದೇ ಕೋಣೆ, ಅದರ ಮುಂದೆ ತಾರಸಿ ತುಂಬ ದಾಸವಾಳ. ಕೆಂಪು, ಹಳದಿ, ಎಸಳಿನ ಮೇಲೆ ಎಸಳು ಇರುವಂಥವು. ನಮ್ಮ ಊರಿನ ಎಲ್ಲ ಮನೆಗಳಲ್ಲಿ ಇರುವ ಹಾಗೆ ಗೋಡೆಗೆ ಒಂದು ಒರಗುಹಲಗೆ ಇತ್ತು, ಕಂಕುಳ ಕೆಳಗೆ ಪಟ್ಟಿ ಸಿಕ್ಕಿಸಿಕೊಂಡು ನಿಂತೇ ಕಣ್ಣು ಮುಚ್ಚುವುದಕ್ಕೆ. ಚೆಲುವಾಂಬ ಅದರಲ್ಲಿ ಜೋತುಬಿದ್ದಿದ್ದರು. ಪಾದ ಊದಿಕೊಂಡಿತ್ತು. ನನ್ನನ್ನು ನೋಡಿ ಪಟ್ಟಿ ಬಿಚ್ಚಿ ನೆಟ್ಟಗಾದರು.

"ಬನ್ನಿ ಟೀಚರ್. ಒಂದ್ನಿಮಿಷ, ಕಾಫಿ ಮಾಡ್ತೀನಿ."

"ಕಾಫಿ ಮನೆ ಹಾಳಾಗ್ಲಿ. ಮನಸ್ಸಲ್ಲಿರೋದನ್ನ ಹೇಳಿ ಮೊದ್ಲು ಕೂತ್ಕೊಳ್ಳಿ."

"ಅದೇ ಟೀಚರ್, ದಾಸವಾಳಕ್ಕೆ ನೀರು..."

"ದಾಸವಾಳದ ಕಥೆ ನನ್ಹತ್ರ ಬೇಡ. ಆ ಗಿಡಗಳ ವಿಷ್ಯ ಊರಿಗೆಲ್ಲ ಹೇಳಿಕೊಡೋರು ನೀವು."

ಅವರು ಮುಖ ಆ ಕಡೆ ತಿರುಗಿಸಿದರು. ಮಂಚದ ಮೇಲೆ ಒಂದು ಬ್ಯಾಗು ಕಟ್ಟಿಟ್ಟಿತ್ತು. ಅದರ ಬಾಯಲ್ಲಿ ಫ್ಲಾಸ್ಕು, ಹಳೇ ಸೀರೆಯ ಮಡಿಕೆ, ಪಕ್ಕದಲ್ಲಿ ಸ್ಕ್ಯಾನಿಂಗಿನ ದೊಡ್ಡ ಕವರು. ನಾನು ನೋಡಿದ್ದನ್ನು ಅವರೂ ನೋಡಿದರು.

"ನಿಮಗೆ ಪ್ರದರ್ಶನದ ಕೆಲಸ ಇರುತ್ತೆ," ಅಂದರು ಮೆತ್ತಗೆ. "ಹೋಗ್ಬನ್ನಿ ಟೀಚರ್."

ಹೇಳಿ ಎಂದು ಗದರಿದೆ, ಬೇಡಿಕೊಂಡೆ. ಊಹೂಂ. ಮಾತಾಡುತ್ತಿದ್ದ ಹಾಗೇ ಒಮ್ಮೆ ಕಣ್ಣು ಮೇಲೆ ಹೋಗಿ ಅವರು ಗೋಡೆ ಹಿಡಿದುಕೊಂಡರು. ನನಗೆ ಭಯವಾಯಿತು. ಹಾಗೆ ಬಿಟ್ಟು ಹೋದರೆ ಈ ಹೆಂಗಸು ನಿಂತಲ್ಲೇ ಪ್ರಾಣ ಬಿಡುತ್ತಾರೆ ಅನ್ನಿಸಿತು. ಉಳಿದಿದ್ದು ಒಂದೇ ದಾರಿ, ಮರುಪ್ರಶ್ನೆ. ಅದನ್ನು ಹಾಕಬಾರದು ಎಂದು ನಿಯಮ ಬರೆದವಳು ನಾನೇ. ನಾನು ಯಾರನ್ನಾದರೂ ಏನಾದರೂ ಕೇಳಿ ಎಷ್ಟೋ ವರ್ಷವಾಗಿತ್ತು. ಅಭ್ಯಾಸ ತಪ್ಪಿ ನಾಲಿಗೆ ತೊದಲಿತು.

"ಚೆಲುವಮ್ಮ, ಏನಾಗಿದೆ ನಿಮಗೆ?"

ಮಂಡಿಯೊಳಗೆ ಚಿಲಕ ಹಾಕಿದ ಹಾಗಾಯಿತು. ಅವರು ಗಾಬರಿಯಾಗಿ ನನ್ನ ತೋಳು ಹಿಡಿದುಕೊಂಡರು.

"ಅಯ್ಯೋ ಟೀಚರ್, ನಿಮ್ಮ ವಯಸ್ಸಿಗೆ ಇದೆಲ್ಲ ಬೇಕಾಗಿರ್ಲಿಲ್ಲ."

"ಬೇಕಾಗಿರ್ಲಿಲ್ಲ. ಆದ್ರೆ ಈಗ ನಾನೂ ನಿಂತಾಯ್ತು. ನನ್ನನ್ನ ಕೂರಿಸೋದು ನಿಮ್ಮ ಕೈಲಿದೆ."

ತಮ್ಮ ಕಾಲು ಎಷ್ಟು ನೊಂದರೂ ಬಾಯಿ ಬಿಡದವರು ನನ್ನ ಕಾಲಿಗಾಗಿ ಬಿಟ್ಟರು. ಗರ್ಭಕೋಶದಲ್ಲಿ ಗಡ್ಡೆ. ವರ್ಷದಿಂದ ರಕ್ತ ಹೋಗುತ್ತಿದೆ. ಮಾತ್ರೆಗೆ ನಿಲ್ಲಲಿಲ್ಲ, ತೆಗೆಸಲೇಬೇಕು. ಹೊರಗಿನ ಊರಿಂದ ಬರುವ ಡಾಕ್ಟರು ಭಾನುವಾರ ಮಾತ್ರ ಬರುತ್ತಾರೆ, ನಾಳೆಗೆ ಗೊತ್ತಾಗಿದೆ, ತಪ್ಪಿದರೆ ಮುಂದಿನ ಸರದಿ ಸಿಗುವುದು ಮಳೆಗಾಲಕ್ಕೇ. ಅಷ್ಟು ದಿನ ಮೈಯಲ್ಲಿ ರಕ್ತ ಉಳಿಯುವುದಿಲ್ಲ ಎಂದು ಡಾಕ್ಟರೇ ಹೇಳಿದ್ದಾರೆ. ಅವರು ಹೇಳಿ ಮುಗಿಸುತ್ತಿದ್ದ ಹಾಗೆ ನನ್ನ ಮಂಡಿ ಸಡಿಲವಾಗಿ ನಾನು ಮಂಚದ ಅಂಚಿಗೆ ಕೂತೆ. ಅವರು ನಿಂತೇ ಇದ್ದರು.

"ಜೊತೆಗೆ ಒಬ್ರು ಇರ್ಲೇಬೇಕಂತೆ," ಅಂದರು. "ಇಲ್ದಿದ್ರೆ ಒಳಗೆ ಕರ್ಕೊಳ್ಳಲ್ಲ. ಅಣ್ಣ ಒಬ್ಬ ಇದ್ದಾನೆ, ಫೋನ್ ಎತ್ತಲ್ಲ. ಈಗ ನೋಡಿದ್ರೆ ಮಲಗೋಕೂ ಆಗ್ತಿಲ್ಲ. ನಿಂತವ್ರಿಗೆ ಆಪರೇಷನ್ ಮಾಡೋಕಾಗಲ್ಲ."

"ಅದನ್ನೇ ಗುಂಪಲ್ಲಿ ಕೇಳ್ಬಹುದಿತ್ತು."

"ಗಿಡ ಬಿಟ್ಟು ಬೇರೆ ಮಾತಿಲ್ಲ ಅಂತ ನೀವೇ ಬರೆದಿದ್ದೀರಿ ಟೀಚರ್." ಅದರಲ್ಲಿ ಕುಹಕ ಇರಲಿಲ್ಲ, ಇದ್ದದ್ದನ್ನು ಹೇಳಿದರು. ಆಮೇಲೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಅದೂ ಅಲ್ಲ. ಜೊತೆಗೆ ಬನ್ನಿ ಅಂತ ಕೇಳಿ, ಯಾರೂ ಮಾತಾಡ್ದೆ ಇದ್ರೆ ಜೀವ ಇರೋ ತನಕ ನಿಂತಿರ್ಬೇಕು. ದಾಸವಾಳ ಆದ್ರೆ ಯಾರಾದ್ರೂ ಉತ್ತರ ಕೊಡ್ತಾರೆ ಅನ್ಕೊಂಡೆ."

ನನಗೆ ಅಳು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. "ಈಗ ಕೇಳಿ," ಅಂದೆ. "ನನ್ನನ್ನೇ ಕೇಳಿ. ಸರಿಯಾಗಿ, ಪೂರ್ತಿ ಕೇಳಿ."

ಅವರು ಬಹಳ ಹೊತ್ತು ಹಳದಿ ದಾಸವಾಳದ ಕಡೆ ನೋಡಿದರು.

"ನಾಳೆ ಆಸ್ಪತ್ರೆಗೆ ನನ್ನ ಜೊತೆ ಬಂದು ಇರ್ತೀರಾ, ಟೀಚರ್?"

"ಇರ್ತೀನಿ," ಅಂದೆ ಥಟ್ಟನೆ.

ಏನೂ ಆಗಲಿಲ್ಲ. ಅವರು ಮಂಚದ ಅಂಚು ಹಿಡಿದು ಕೂರಲು ನೋಡಿದರು, ಮಂಡಿ ಹಲಗೆಯ ಹಾಗೆ ನೆಟ್ಟಗೇ ಇತ್ತು. ನಾವಿಬ್ಬರೂ ಆ ಮಂಡಿಯನ್ನೇ ನೋಡಿದೆವು. ನನಗೆ ಕಾರಣ ಗೊತ್ತಿತ್ತು. ಬಾಯಿ ಇರ್ತೀನಿ ಅನ್ನುವಾಗ ಮನಸ್ಸು ಆಟೊ ಲೆಕ್ಕ ಹಾಕುತ್ತಿತ್ತು. ಬೆಳಗ್ಗೆ ಇವರನ್ನು ಬಿಟ್ಟು, ಸಹಿ ಹಾಕಿ, ಒಂಬತ್ತಕ್ಕೆ ಹಾಲ್‌ಗೆ ಓಡುವುದು. ಉದ್ಘಾಟನೆ, ಬಹುಮಾನ, ಎಲ್ಲ ಮುಗಿಸಿ ಸಂಜೆ ವಾಪಸ್ ಬರುವುದು. ಈ ಪ್ರದರ್ಶನ ಶುರುವಾದ ವರ್ಷದಿಂದ ನಾನಿಲ್ಲದೆ ಒಂದು ಸಲವೂ ನಡೆದಿಲ್ಲ, ನನ್ನ ಗುಲಾಬಿ ಇಲ್ಲದೆಯೂ ನಡೆದಿಲ್ಲ.

"ಪರವಾಗಿಲ್ಲ ಬಿಡಿ ಟೀಚರ್," ಅಂದರು ಚೆಲುವಾಂಬ. "ನಿಮಗೂ ಕೆಲಸ ಇದೆ. ಅಷ್ಟು ಹೇಳಿದ್ರಿ, ಸಾಕು."

ಒಂದು ಮಾತು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ನನ್ನನ್ನೇ ಸಮಾಧಾನ ಮಾಡುತ್ತಿದ್ದರು. ನಾನು ಫೋನ್ ತೆಗೆದು ಅವರ ಎದುರಿಗೇ ಷಡಕ್ಷರಪ್ಪನವರಿಗೆ ಹಚ್ಚಿದೆ.

"ನಾಳೆ ಪ್ರದರ್ಶನ ನೀವು ನಡೆಸ್ಬೇಕು. ಹಾಲ್‌ನ ಬೀಗದ ಕೈ ಸಂಜೆ ನಿಮ್ಮ ಮನೆಗೆ ತಲುಪುತ್ತೆ."

ಯಾಕೆ ಎಂದು ಕೇಳುವ ಆಸೆ ಅವರ ಗಂಟಲಲ್ಲಿ ಗೊರಗೊರ ಅನ್ನುವುದು ಕೇಳಿಸುತ್ತಿತ್ತು. ಹುಷಾರಿನ ಮನುಷ್ಯ, ತಡೆದುಕೊಂಡರು.

"ಏನೋ ಕಾರಣ ಇರ್ಬೇಕು, ಅಂಬುಜಮ್ಮನವರೇ."

"ಇದೆ."

"ನಿಮ್ಮ ಗುಲಾಬಿಗೆ ಮಧ್ಯದ ಮೇಜು ಬಿಟ್ಟಿರ್ತೀನಿ."

"ಬೇಡ. ಈ ಸಲ ಗುಲಾಬಿ ಇಡಲ್ಲ. ಮಧ್ಯದ ಮೇಜಿಗೆ ನಿಮ್ಮ ಆರ್ಕಿಡ್ ಇಟ್ಕೊಳ್ಳಿ."

ಸುಳ್ಳು ಯಾಕೆ ಹೇಳಲಿ, ಆ ಮಾತು ಹೇಳುವಾಗ ಹೊಟ್ಟೆ ಉರಿಯಿತು. ಫೋನ್ ಇಟ್ಟು ಚೆಲುವಾಂಬ ಅವರ ಕಡೆ ತಿರುಗಿದೆ. "ಬೆಳಗ್ಗೆ ಬಂದು ಕರ್ಕೊಂಡು ಹೋಗ್ತೀನಿ. ನೀವು ಮನೆಗೆ ಹೊರಡೋ ತನಕ ಅಲ್ಲಿಂದ ಕದಲಲ್ಲ," ಅಂದೆ. ಮಾತು ಪೂರ್ತಿಯಾಗುವುದರೊಳಗೆ ಅವರ ಮಂಡಿ ಸೋತಿತು. ಹಿಡಿದುಕೊಳ್ಳದಿದ್ದರೆ ನೆಲಕ್ಕೇ ಬೀಳುತ್ತಿದ್ದರು. ಮಂಚದ ಮೇಲೆ ಮಲಗಿಸಿ ಕಾಲ ಕೆಳಗೆ ದಿಂಬು ಕೊಟ್ಟೆ. ಅವರು ಮುಖ ಮುಚ್ಚಿಕೊಂಡು ಅತ್ತರು, ನಾನೂ ಅತ್ತೆ. ಆಮೇಲೆ ಅವರು ಒದ್ದೆ ಕೈಯಲ್ಲೇ ಗುಂಪಿಗೆ "ಕೂತೆ" ಎಂದು ಬರೆದರು. ತಕ್ಷಣ ಷಡಕ್ಷರಪ್ಪನವರ ಮೆಸೇಜು ಬಂತು: ಕೊನೆಗೂ ತೆಂಗಿನ ನಾರೇ ಗೆದ್ದಿತು ಎಂದು ಕಾಣುತ್ತದೆ. ನಾವಿಬ್ಬರೂ ಕಣ್ಣೊರೆಸಿಕೊಂಡು ನಕ್ಕೆವು.

ಭಾನುವಾರ ಬೆಳಗ್ಗೆ ಮೊದಲು ಅವರ ಗಿಡಗಳಿಗೆ ನೀರು ಹಾಕಿದೆ. ಹಳದಿ ದಾಸವಾಳ ಅರಳಿತ್ತು, ಅದರ ಒಂದು ಫೋಟೊ ತೆಗೆದುಕೊಂಡೆ. ಆಸ್ಪತ್ರೆಯಲ್ಲಿ ನರ್ಸಮ್ಮ, "ರೋಗಿಗೆ ನೀವು ಏನಾಗ್ಬೇಕು ಅನ್ನೋದನ್ನ ಹೇಳಿ," ಅಂದರು. ಅಕ್ಕ ಅನ್ನಲೂ ಆಗಲಿಲ್ಲ, ಗೆಳತಿ ಅನ್ನುವಷ್ಟು ಒಡನಾಟವೂ ಇರಲಿಲ್ಲ. "ಜೊತೆಗೆ ಬಂದವಳು," ಅಂದೆ. ಆಪರೇಷನ್ ಕೋಣೆಯ ಬಾಗಿಲಲ್ಲಿ ಚೆಲುವಾಂಬ ನನ್ನ ಕೈ ಒತ್ತಿದರು.

"ನಾನು ಒಳಗಿರುವಾಗ ಏನೂ ಕೇಳೋಕೆ ಹೋಗ್ಬೇಡಿ ಟೀಚರ್. ಉತ್ತರ ಬರೋ ಹೊತ್ತಿಗೆ ನಿಮ್ಮ ಕಾಲು ಬಿದ್ದೋಗುತ್ತೆ."

"ಕೇಳಲ್ಲ. ನೀವು ಧೈರ್ಯವಾಗಿ ಹೋಗ್ಬನ್ನಿ."

ಬಾಗಿಲು ಮುಚ್ಚಿತು. ಆ ಬಾಗಿಲಿನ ಎದುರಿನ ಬೆಂಚು ನಮ್ಮ ಊರಿನಲ್ಲಿ ಎಂದೂ ಸವೆಯದ ಬೆಂಚು, ಅದರ ಬಣ್ಣ ಅಂಗಡಿಯಿಂದ ತಂದಾಗಿನ ಹಾಗೇ ಇದೆ. ಒಳಗೆ ತಮ್ಮವರನ್ನು ಕಳಿಸಿ ಒಂದು ಮಾತು ಕೇಳದೆ ಇರುವವರು ಯಾರೂ ಇಲ್ಲ. ನಾನೊಬ್ಬಳೇ ಅದರ ಮೇಲೆ ಕೂತೆ, ಮಾತು ಕೊಟ್ಟಿದ್ದೆನಲ್ಲ. ಡಾಕ್ಟರು ಹೇಳಿದ್ದ ಹೊತ್ತು ದಾಟಿತು. ಒಬ್ಬಳು ನರ್ಸ್ ಓಡಿಬಂದು ಓಡಿಹೋದಳು, ವಾಪಸ್ ಬರುವಾಗ ಕೈಯಲ್ಲಿ ರಕ್ತದ ಚೀಲ ಇತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಓಡಿದಳು. ನನ್ನ ಕಡೆ ನೋಡಲಿಲ್ಲ. ಗೋಡೆ ಒರಗಿ ಆರಾಮಾಗಿ ಕೂತಿರುವುದು ನನಗೆ ಅಸಹ್ಯವಾಗತೊಡಗಿತು. ಫೋನ್ ತೆಗೆದೆ. ಗುಂಪಿನಲ್ಲಿ ಮೊದಲು ಹಳದಿ ದಾಸವಾಳದ ಫೋಟೊ ಹಾಕಿದೆ, ನಿಯಮ ನಿಯಮವೇ. ವಿಷಯ ಏನು ಎಂದು ಎರಡು ಸಾಲಿನಲ್ಲಿ ಬರೆದೆ. ಆಮೇಲೆ ಬರೆದೆ: "ಚೆಲುವಾಂಬ ಅವರು ಮತ್ತೆ ತಮ್ಮ ಗಿಡಗಳಿಗೆ ತಾವೇ ನೀರು ಹಾಕ್ತಾರಾ?"

ಮಂಡಿ ನನ್ನನ್ನು ಎತ್ತಿ ನಿಲ್ಲಿಸಿತು.

ಯಾರೂ ಉತ್ತರ ಕೊಡಲಿಲ್ಲ. ಗೊತ್ತಿಲ್ಲದವರು ಸುಮ್ಮನಿರಬೇಕು ಎಂದು ನಾನೇ ಹೇಳಿಕೊಟ್ಟಿದ್ದೆ, ಎಲ್ಲರೂ ಸುಮ್ಮನಿದ್ದರು. ನಾನು ಗೋಡೆಯ ಬಿರುಕು ನೋಡುತ್ತ ನಿಂತಿದ್ದೆ. ಆಮೇಲೆ ಒಂದು ಮೆಸೇಜು ಬಂತು, ಷಡಕ್ಷರಪ್ಪನವರದ್ದು. "ನಂದೂ ಇದೇ ಪ್ರಶ್ನೆ." ಅವರು ಆಗ ಹಾಲ್‌ನಲ್ಲಿ ವೇದಿಕೆಯ ಮೇಲೆ ಅತಿಥಿಗಳ ಪಕ್ಕ ಕೂತಿರಬೇಕಾದ ಹೊತ್ತು. ಅದರ ಕೆಳಗೆ ಇನ್ನೊಬ್ಬರು, "ನಂದೂ." ಮತ್ತೊಬ್ಬರು, ಮಗದೊಬ್ಬರು. ಹಾಲು ಮಾರುವವರು, ಇಪ್ಪತ್ತು ವರ್ಷದಿಂದ ಸಂಧಿವಾತ ಇರುವ ಲಲಿತಾಂಬಕ್ಕ, ನಾನು ಮೆಸೇಜ್ ಅಳಿಸಿದ್ದಕ್ಕೆ ಯಾವತ್ತೋ ನನ್ನ ಜೊತೆ ಮಾತು ಬಿಟ್ಟಿದ್ದವರು. ಅಳಿಸಬೇಕಾದ ಮೆಸೇಜುಗಳು ಅವು. ಅಭ್ಯಾಸಬಲದಿಂದ ಬೆರಳು ಅಲ್ಲಿಗೆ ಹೋಯಿತು, ವಾಪಸ್ ಬಂತು.

ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದರು. ಮುಖಕ್ಕೆ ಬಟ್ಟೆ ಕಟ್ಟಿದ್ದರು, ಕಣ್ಣು ದಣಿದಿತ್ತು, ಅದರಲ್ಲಿ ಏನೂ ಓದಲು ಆಗಲಿಲ್ಲ. ನಾನು ಫೋನನ್ನು ಅವರ ಮುಂದೆ ಹಿಡಿದೆ. ಅವರು ನಿಧಾನವಾಗಿ ಓದಿದರು. ಆಗ ನನಗೆ ಒಂದು ವಿಷಯ ಹೊಳೆಯಿತು. ಹೌದು ಅಂದರೂ ಮಂಡಿ ಮಡಿಸುತ್ತದೆ, ಇಲ್ಲ ಅಂದರೂ ಮಡಿಸುತ್ತದೆ. ಉತ್ತರ ಯಾವುದಾದರೂ ನಾವೆಲ್ಲ ಕೂರಲೇಬೇಕು. ಅದು ಇಲ್ಲ ಎಂದಾದರೆ ನನಗೆ ಕೂರುವುದು ಬೇಡ, ಹೀಗೇ ನಿಂತಿರುತ್ತೇನೆ ಎಂದು ದೇವರಿಗೆ ಹೇಳಿದೆ.

"ಹಾಕ್ತಾರೆ," ಅಂದರು ಡಾಕ್ಟರು. "ಸ್ವಲ್ಪ ಕಷ್ಟ ಕೊಟ್ರು, ಈಗ ಪರವಾಗಿಲ್ಲ. ಆದ್ರೆ ಎರಡು ತಿಂಗಳು ಕೊಡ ಎತ್ತೋ ಹಾಗಿಲ್ಲ. ಅಲ್ಲೀ ತನಕ ಬೇರೆಯವ್ರು ಹಾಕ್ಬೇಕು."

ನಾನು ಬೆಂಚಿನ ಮೇಲೆ ಬಿದ್ದೆ. ಡಾಕ್ಟರ ಮಾತನ್ನು ಹಾಗೇ ಬರೆದು, ಕೆಳಗೆ "ಕೂತೆ" ಎಂದು ಹಾಕಿದೆ. ಪ್ರದರ್ಶನದ ಹಾಲ್‌ನಲ್ಲಿ ಅವತ್ತು ನಡೆದದ್ದು ನನಗೆ ಆಮೇಲೆ ತಿಳಿಯಿತು. ಅತಿಥಿಗಳು ಭಾಷಣ ಮಾಡುತ್ತಿದ್ದಾಗ ಜನ ಒಬ್ಬೊಬ್ಬರಾಗಿ ಎದ್ದು ನಿಂತರಂತೆ, ತಮ್ಮ ಮೇಲಿನ ಗೌರವ ಎಂದುಕೊಂಡು ಅವರು ಭಾಷಣ ಉದ್ದ ಮಾಡಿದರಂತೆ. ಆಮೇಲೆ ಎಲ್ಲರೂ ಒಟ್ಟಿಗೆ ಧಪ್ಪನೆ ಕೂತರಂತೆ, ಮೈಕಿನ ಮುಂದೆ ಅವರೊಬ್ಬರೇ ಉಳಿದರಂತೆ. ನನ್ನ ಕೈಯೊಳಗೆ ಮಾತ್ರ ಫೋನು ನಿಲ್ಲದೆ ಅದುರುತ್ತಿತ್ತು. ಕೂತೆ, ಕೂತೆ, ನಾನೂ ಕೂತೆ.

ಆರ್ಕಿಡ್‌ಗೆ ಮೊದಲ ಬಹುಮಾನ ಬಂತು. ಅವತ್ತು ಸಂಜೆ ದಾಸವಾಳಗಳಿಗೆ ನೀರು ಹಾಕಿದವರು ಷಡಕ್ಷರಪ್ಪನವರು. ಸ್ವಲ್ಪ ಹೆಚ್ಚೇ ಹಾಕಿದ್ದರು.